ದಾಸೋಹಕ್ಕೆ ಒಯ್ದ ರೇಷನ್ ಅಕ್ಕಿ

ಆ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ಎರಡೂ ಕೈಗೆ ಜೋಳದ ಹಿಟ್ಟು, ಹಂಚಿನ ಮೇಲೆ ಒಂದು ರೊಟ್ಟಿ, ಪರಾತದಲ್ಲಿ ಇನ್ನೂ ನಾಲ್ಕಕ್ಕೆ ಆಗುವಷ್ಟು ಹಿಟ್ಟು. ಪಕ್ಕದ ಮನೆಯವಳು ಫೋನ್ ಹಿಡಿದುಕೊಂಡು ಬಾಗಿಲಲ್ಲಿ ಬಂದು ನಿಂತಳು. ಅವಳು ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಬೆಳಗಿನ ಪಾಳಿ ಮುಗಿಸಿ ನಾಲ್ಕು ಗಂಟೆಗೆ ಬಂದರೆ ರಾತ್ರಿ ಪಾಳಿಗೆ ಮತ್ತೆ ಏಳಕ್ಕೆ ಹೋಗಬೇಕು. ನನ್ನ ಅಡುಗೆಮನೆಗೆ ಬಂದಾಗಲೆಲ್ಲ ಏನಾದರೂ ಚಾಷ್ಟಿ ಮಾಡದೆ ಹೋಗುವವಳಲ್ಲ. ನಿಮ್ಮ ರೊಟ್ಟಿ ಹಂಚಿಗಿಂತ ದಪ್ಪ ಆಗಾಕತ್ತಾವ ಅಕ್ಕಾರ ಅನ್ನುತ್ತಾಳೆ. ಅವತ್ತು ರೊಟ್ಟಿಯ ಕಡೆ ನೋಡಲೇ ಇಲ್ಲ. ನನ್ನ ಕೈ ಹಿಟ್ಟಾಗಿದ್ದವಲ್ಲ, ತಾನೇ ಫೋನನ್ನು ನನ್ನ ಕಿವಿಗೆ ಹಿಡಿದಳು.

ನಮ್ಮ ಮಠದ ಹೆಣ್ಣುಮಕ್ಕಳ ಅಕ್ಕನ ಬಳಗಕ್ಕೆ ಹಿರಿಯರಾದ ಕಾಕೂ ಅವರ ದನಿ. ಬಳಗದ ಎಲ್ಲರ ಫೋನಿಗೂ ಕಳಿಸಿದ್ದರು.

"ಶರಣು ಶರಣಾರ್ಥಿ ಎಲ್ಲಾರಿಗೂ. ಈ ಸಲ ದಾಸೋಹಕ್ಕ ರೇಷನ್ ಅಕ್ಕಿ ಯಾರೂ ತರಬ್ಯಾಡ್ರಿ. ಹೋದ ವರ್ಷ ಅನ್ನ ಹೆಂಗಾಗಿತ್ತು ನೀವ ನೋಡೀರಿ. ದಾಸೋಹ ಅಂದ್ರ ದುಡಿದದ್ದು ಕೊಡೂದು. ಬಿಟ್ಟಿ ಬಂದದ್ದು ಕೊಡೂದಲ್ಲ."

ಅದರ ಕೆಳಗೆ ಆಗಲೇ ಏಳೆಂಟು ಮಂದಿ ಕೈಮುಗಿದ ಚಿತ್ರ ಹಾಕಿದ್ದರು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು.

ನಮ್ಮ ಓಣಿ ಹಳೇ ಹುಬ್ಬಳ್ಳಿಯಲ್ಲಿ. ಓಣಿಯ ತುದಿಗೆ ಸಣ್ಣ ಮಠ. ಶ್ರಾವಣ ಬಂತೆಂದರೆ ದಿನಾ ಅನ್ನಕ್ಕೆ ಇಡುವ ಮೊದಲು ಒಂದು ಮುಷ್ಟಿ ಅಕ್ಕಿಯನ್ನು ಬೇರೆ ಡಬ್ಬಿಗೆ ಹಾಕುತ್ತೇವೆ. ಕಡೇ ಸೋಮವಾರದ ದಾಸೋಹಕ್ಕೆ ಎಲ್ಲರ ಮನೆಯ ಮುಷ್ಟಿ ಅಕ್ಕಿ ಮಠಕ್ಕೆ ಹೋಗುತ್ತದೆ, ಹೆಣ್ಣುಮಕ್ಕಳೇ ನಿಂತು ಅಡುಗೆ ಮಾಡುತ್ತೇವೆ, ಬಂದವರೆಲ್ಲ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಯಾರ ಮನೆಯ ಅಕ್ಕಿ ಎಂದು ಯಾರೂ ಕೇಳುವುದಿಲ್ಲ. ಆದರೆ ಕಣ್ಣಿಗೆ ಗೊತ್ತಾಗುತ್ತದೆ. ರೇಷನ್ ಅಕ್ಕಿ ದಪ್ಪ. ನಡುನಡುವೆ ಬೇರೆ ನಮೂನೆಯ ಬೆಳ್ಳನೆಯ ಕಾಳು ಇರುತ್ತವೆ, ಅವು ಪ್ಲಾಸ್ಟಿಕ್ ಎಂದು ಆರಿಸಿ ಬಿಸಾಡುವವರು ನಮ್ಮ ಓಣಿಯಲ್ಲಿ ಇನ್ನೂ ಇದ್ದಾರೆ.

ಪಕ್ಕದ ಮನೆಯವಳಿಗೆ ಇದು ಬರೀ ಮರ್ಯಾದೆಯ ಮಾತಾಗಿರಲಿಲ್ಲ. ಅವಳ ಗಂಡ ತೀರಿಕೊಂಡು ಆರು ವರ್ಷ. ಇರುವುದು ಒಬ್ಬಳೇ ಮಗಳು. ಆ ಹುಡುಗಿಗೆ ಬೇಸಿಗೆಯಲ್ಲಿ ಕಾಮಾಲೆಯಾಗಿ ದವಾಖಾನೆಯಲ್ಲಿ ಹಾಕಿದ್ದರು. ಅಲ್ಲಿ ಕೂತು ಇವಳು ಹರಕೆ ಹೊತ್ತಿದ್ದಳು: ಮಗಳು ಎದ್ದು ಮನೆಗೆ ಬಂದರೆ, ಶ್ರಾವಣ ಪೂರ್ತಿ ತಾವು ಉಣ್ಣುವ ಅಕ್ಕಿಯಲ್ಲೇ ಮೊದಲ ಮುಷ್ಟಿ ಶಿವನಿಗೆ. ಮಗಳು ಬಂದಳು, ಈಗ ಸಾಲಿಗೂ ಹೋಗುತ್ತಾಳೆ. ರೇಷನ್ ಅಕ್ಕಿಯಿಂದ ಡಬ್ಬಿ ಮುಕ್ಕಾಲು ತುಂಬಿತ್ತು.

ಅವಳು ಮೆಲ್ಲಗೆ ಕೇಳಿದಳು. "ಅಕ್ಕಾರ, ಕಿರಾಣಿ ಅಂಗಡ್ಯಾಗ ಕೊಟ್ಟು ಸಣ್ಣ ಅಕ್ಕಿ ಬದಲಿ ಮಾಡ್ಕೊಂಡ ಬರಲೇನ್ರಿ? ಹರಕಿ ಮುಟ್ಟತೈತೇನ್ರಿ ಹಂಗ ಮಾಡಿದ್ರ?"

ಹೂಂ ಅನ್ನುವ ಮಾತು ನನ್ನ ಬಾಯಿತನಕ ಬಂದಿತ್ತು. ಯಾಕೆಂದರೆ ಮೂರು ವರ್ಷದಿಂದ ನಾನು ಮಾಡುತ್ತಿದ್ದದ್ದು ಹೆಚ್ಚುಕಡಿಮೆ ಅದೇ. ನಾನು ಅಕ್ಕಿ ಮಾರಿರಲಿಲ್ಲ, ಆದರೆ ಶ್ರಾವಣಕ್ಕೆ ಮಾತ್ರ ಅಂಗಡಿಯಿಂದ ಸಣ್ಣ ಅಕ್ಕಿ ತಂದು ಆ ಡಬ್ಬಿ ತುಂಬುತ್ತಿದ್ದೆ. ನಾವು ಏನಾದರೂ ಉಣ್ಣೋಣ, ದೇವರಿಗೆ ಛಲೋದು ಕೊಡೋಣ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಖರೇ ಹೇಳಬೇಕೆಂದರೆ ದೇವರ ಹೆಸರು ಹೇಳಿ ಬಳಗದವರ ಕಣ್ಣಿಗೆ ಅಂಜಿದ್ದೆ.

ಇನ್ನೂ ಒಂದು ಮಾತು ಇಲ್ಲಿ ಬರೆಯಲೇಬೇಕು. ನಮ್ಮ ಮನೆಯವರು ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಇಪ್ಪತ್ತೆರಡು ವರ್ಷ ನಿಂತುಕೊಂಡೇ ಸೀರೆ ಬಿಚ್ಚಿ ಬಿಚ್ಚಿ ತೋರಿಸಿದರು. ಆ ದಿನಗಳಲ್ಲಿ ರೇಷನ್ ಅಂಗಡಿಗೆ ಪಾಳಿ ಹಚ್ಚಿ ನಿಂತವರ ಮುಂದೆ ಹಾದುಹೋಗುವಾಗ, ದುಡಿಯಾಕ ಏನ ಧಾಡಿ ಇವರಿಗೆ ಎಂದು ನಾನೂ ಅಂದಿದ್ದೇನೆ. ಒಂದು ಸಲವಲ್ಲ, ಬಹಳ ಸಲ. ಮುಂದೆ ಅವರ ಕಾಲಿನ ನರ ಉಬ್ಬಿ ಗಾಯವಾಗಿ ನಿಲ್ಲುವುದು ಆಗದೆ ಕೆಲಸ ಬಿಟ್ಟರು. ನಾವೂ ಆ ಪಾಳಿಗೆ ಬಂದೆವು. ಮೊದಲ ತಿಂಗಳು ಅಕ್ಕಿಯ ಚೀಲವನ್ನು ಜವಳಿ ಅಂಗಡಿಯ ದೊಡ್ಡ ಕೈಚೀಲದೊಳಗೆ ಇಟ್ಟುಕೊಂಡು ಬಂದೆ, ಸೀರೆ ತಂದಂತೆ ಕಾಣಲಿ ಎಂದು. ಹತ್ತು ಕಿಲೋ ಸೀರೆ ಯಾರು ತರುತ್ತಾರೆ? ಓಣಿಯವರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರಲಿಲ್ಲ.

ಅವತ್ತು ಅವಳ ಮುಖ ನೋಡುತ್ತ ನನಗೆ ಇನ್ನೊಂದು ಹೊಳೆಯಿತು. ಊರಿನವರು ರೇಷನ್ ಉಣ್ಣುವವರ ಮೇಲೆ ಹೇರುವ ದೊಡ್ಡ ದೂರು ಯಾವುದು? ಅಕ್ಕಿ ತಂದು ಮಾರಿಕೊಳ್ಳುತ್ತಾರೆ ಎನ್ನುವುದು. ಧಾರವಾಡದಿಂದ ಬರುವಾಗ ರಾಯಾಪುರದ ಹತ್ತಿರ ಬಸ್ಸಿನಲ್ಲಿ ಒಬ್ಬರು, ಬಿಟ್ಟಿ ಟಿಕೆಟ್ಟಿನ ಮೇಲೆ ಕೂತ ಹೆಣ್ಣುಮಕ್ಕಳನ್ನೆಲ್ಲ ನೋಡಿ ಇದೇ ಮಾತು ಆಡಿದ್ದರು. ಬಸ್ಸೂ ಬಿಟ್ಟಿ, ಅಕ್ಕಿನೂ ಬಿಟ್ಟಿ, ಅದನ್ನೂ ಮಾರ್ಕೊಂಡು ಉಣ್ತಾರ ಎಂದು. ಈಗ ಮಠದೊಳಗೆ ಕಾಲಿಡಬೇಕೆಂದರೆ ಈ ಹೆಣ್ಣುಮಗಳು ಅದನ್ನೇ ಮಾಡಬೇಕು, ಅಕ್ಕಿ ಮಾರಬೇಕು. ಮಾರದೆ ಒಯ್ದರೆ ಹಿಂದಕ್ಕೆ ಕಳಿಸುತ್ತಾರೆ.

"ಬದಲಿ ಮಾಡಬ್ಯಾಡ ತಂಗಿ," ಅಂದೆ. "ನಿನ್ನ ಡಬ್ಬಿ ಹೆಂಗೈತಿ ಹಂಗ ಇರಲಿ. ನಾ ನಿನ್ನ ಕೂಡ ಬರ್ತೇನಿ."

ಅವಳು ಬೇಡವೆಂದಳು. ನನ್ನ ಸಲುವಾಗಿ ನೀವ್ಯಾಕ ಕೆಟ್ಟಾಗ್ತೀರಿ ಎಂದಳು. ಆ ಮಾತು ಅಲ್ಲಿಗೇ ಬಿಟ್ಟು ನಾನು ಹಿಟ್ಟು ನಾದಿದೆ.

ಮರುದಿನ ಬೆಳಗಿನ ಲಿಂಗಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಪೂಜೆ ಮುಗಿಸುವಾಗ ಶಿವ ಏನೇನು ಕೊಟ್ಟಿದ್ದಾನೆ ಎಂದು ದಿನಾ ನೆನೆಯುವುದು ನನ್ನ ರೂಢಿ. ಮನೆಯವರ ಕಾಲಿನ ಗಾಯ ಒಣಗಿದೆ. ಮನೆ ಸೋರಿಲ್ಲ. ಪಕ್ಕದ ಮನೆಯ ಕೂಸು ಉಳಿದಿದೆ. ಅಕ್ಕಿ ಇದೆ. ಅಲ್ಲಿಗೆ ಬಂದು ತಡೆದೆ. ಈ ಅಕ್ಕಿಯೂ ಅವನೇ ಕೊಟ್ಟದ್ದು ಎಂದು ದಿನಾ ಹೇಳುತ್ತೇನೆ, ಅದೇ ಅಕ್ಕಿ ಅವನ ಎಡೆಗೆ ಸಲ್ಲದೆಂದು ಮೂರು ವರ್ಷ ನಡೆದುಕೊಂಡಿದ್ದೇನೆ. ಎದ್ದವಳೇ ಡಬ್ಬಿಯ ಸಣ್ಣ ಅಕ್ಕಿಯನ್ನು ಮನೆಯ ಅಡುಗೆಗೆ ಸುರುವಿಕೊಂಡೆ. ಅಷ್ಟೇ ರೇಷನ್ ಅಕ್ಕಿಯನ್ನು, ಒಂದೊಂದೇ ಮುಷ್ಟಿ, ಡಬ್ಬಿಗೆ ಹಾಕಿದೆ.

ಕಡೇ ಸೋಮವಾರಕ್ಕೆ ಎರಡು ದಿನ ಮೊದಲು, ಶನಿವಾರ ಸಂಜೆ ಬಳಗದವರೆಲ್ಲ ಮಠದಲ್ಲಿ ಸೇರಿದ್ದೆವು. ದೊಡ್ಡ ಪಾತ್ರೆ ಇಳಿಸಿ ತೊಳೆಯುವುದು, ಬಂದ ಅಕ್ಕಿ ಹಸನು ಮಾಡುವುದು ಅವತ್ತಿನ ಕೆಲಸ. ಪಕ್ಕದ ಮನೆಯವಳು ಬಾಗಿಲ ಹೊರಗೆ ನಿಂತಳು, ಒಳಗೆ ಬಾ ಎಂದರೂ ಬರಲಿಲ್ಲ. ಅವಳ ಡಬ್ಬಿಯನ್ನೂ ನನ್ನದನ್ನೂ ನಾನೇ ಒಯ್ದು ಕಾಕೂ ಅವರ ಮುಂದೆ ಇಟ್ಟು ಮುಚ್ಚಳ ತೆಗೆದೆ. ಎರಡೂ ರೇಷನ್ ಅಕ್ಕಿ ಎಂದು ನಾನೇ ಹೇಳಿದೆ.

ಕಾಕೂ ಕೆಟ್ಟವರಲ್ಲ. ಮೂವತ್ತು ವರ್ಷದಿಂದ ಆ ಮಠದ ಒಲೆಯ ಮುಂದೆ ಬೆವರು ಸುರಿಸಿದವರು. ಅವರು ಮೊದಲು ಅನ್ನದ ಮಾತೇ ತೆಗೆದರು. ದಪ್ಪ ಅಕ್ಕಿ, ಸಣ್ಣ ಅಕ್ಕಿ ಕೂಡಿಸಿದರೆ ಒಂದು ಬೇಯುವಷ್ಟರಲ್ಲಿ ಇನ್ನೊಂದು ಮುದ್ದೆಯಾಗುತ್ತದೆ, ಹೋದ ವರ್ಷ ಹಿರಿಯರ ಮುಂದೆ ತಾವು ತಲೆ ತಗ್ಗಿಸಬೇಕಾಯಿತು ಎಂದರು. ಅದು ಖರೇ ಇತ್ತು, ನಾನೂ ಒಪ್ಪಿದೆ. ಅಷ್ಟರಲ್ಲಿ ಪಾತ್ರೆ ತೊಳೆಯುತ್ತಿದ್ದವರ ಕಡೆಯಿಂದ ಒಂದು ಮಾತು ಬಂತು. "ನಮ್ಮ ಟ್ಯಾಕ್ಸಿನ ಅಕ್ಕಿ ನಮಗ ತಿರುಗಿ ಬಂದ್ಹಂಗಾತ ಬಿಡ್ರಿ." ನಾಲ್ಕು ಮಂದಿ ನಕ್ಕರು.

ನಗು ನಿಲ್ಲಲಿ ಎಂದು ಸುಮ್ಮನೆ ಕಾದೆ. ಸಿಟ್ಟು ಬಂದಿತ್ತು, ಆದರೆ ಸಿಟ್ಟಿನಲ್ಲಿ ಆಡಿದರೆ ಸಿಟ್ಟಷ್ಟೇ ನೆನಪಿನಲ್ಲಿ ಉಳಿಯುತ್ತದೆ.

"ಕಾಕೂರ, ಅನ್ನದ ಮಾತು ಬ್ಯಾರೆ, ದುಡಿದ ಮಾತು ಬ್ಯಾರೆ," ಅಂದೆ. "ಹೊರಗ ನಿಂತಾಳಲ್ರಿ, ದಿನಾ ಮುಂಜಾನೆ ಆರಕ್ಕ ಹೋಗಿ ಇನ್ನೂರು ರೊಟ್ಟಿ ಬಡೀತಾಳ. ಆ ಪಗಾರದಾಗ ಬಾಡಗಿ ಕೊಟ್ಟು ಮಗಳ ಔಷಧ ತಂದ್ರ ಅಕ್ಕಿಗೆ ಉಳಿಯಂಗಿಲ್ಲ. ಅದಕ್ಕ ರೇಷನ್. ಆಕಿ ದುಡಿದಿಲ್ಲ ಅಂತ ಹೆಂಗ ಅಂತೀರಿ? ತಂದ್ರ ಬ್ಯಾಡ ಅಂತೀರಿ, ಮಾರಿದ್ರ ಕಳ್ಳರು ಅಂತೀರಿ. ಆಕಿ ಹರಕಿ ಎಲ್ಲಿ ಮುಟ್ಟಿಸಬೇಕ್ರಿ?"

ನಾನು ಮೊದಲು ಏನು ಅನ್ನುತ್ತಿದ್ದೆ, ಮೂರು ವರ್ಷ ಏನು ಮಾಡಿದೆ, ಅದನ್ನೂ ಅಲ್ಲೇ ಹೇಳಿದೆ. ಹೇಳುವಾಗ ಕಿವಿ ಬಿಸಿಯಾಗಿದ್ದವು.

ಕಾಕೂ ಅಕ್ಕಿಯಲ್ಲಿ ಕೈಯಾಡಿಸಿದರು. ಆಮೇಲೆ, ಹಾಗಾದರೆ ಬೇರೆ ಪಾತ್ರೆಯಲ್ಲಿ ಬೇಯಿಸಿಕೊಳ್ಳಿ ಎಂದರು. ಬೇರೆ ಪಾತ್ರೆ ಅಂದಾಗ ಹೊರಗೆ ನಿಂತವಳ ಮುಖ ಸಣ್ಣದಾಯಿತು. ನನಗೂ ಚುಚ್ಚಿತು. ಆದರೂ ಯೋಚಿಸಿದೆ. ದಪ್ಪ ಅಕ್ಕಿಯನ್ನು ಮೆತ್ತಗೆ ಬೇಯಿಸಿದರೆ ಮೊಸರಬುತ್ತಿಗೆ ಅದರಂಥದ್ದು ಇಲ್ಲ. ಪಾತ್ರೆ ಬೇರೆ ಇರಲಿ, ಅದು ಒಲೆಯ ಅಡಚಣೆ.

"ಪಾತ್ರಿ ಬ್ಯಾರೆ ಆಗಲ್ರಿ, ನಾ ಮೊಸರಬುತ್ತಿ ಮಾಡ್ತೇನಿ. ಆದ್ರ ಎಡಿ ಹಿಡಿಯೂ ಮುಂದ ಎರಡೂ ಪಾತ್ರ್ಯಾಗಿಂದು ಒಂದ ತಾಟಿನ್ಯಾಗ ಇಡಬೇಕು. ಇಷ್ಟ ನಡಸಿಕೊಡ್ರಿ. ಇಲ್ಲಂದ್ರ ನಾವಿಬ್ಬರೂ ಡಬ್ಬಿ ಹಿಡ್ಕೊಂಡು ಗದ್ದಿಗಿ ಮುಂದ ಕೂಡ್ತೇವಿ, ನೀವು ಅಡಗಿ ಮಾಡ್ರಿ."

"ಕೂಡತಾಳಂತ," ಎಂದು ಕಾಕೂ ಯಾರಿಗೋ ಹೇಳುವವರಂತೆ ಅಂದರು. "ನೀ ಕೂಡಾಕಿನ ಬಿಡು, ನನಗ ಗೊತ್ತೈತಿ. ಮೊಸರು ಎಲ್ಲಿಂದ ತರ್ತಿ?"

ಅಷ್ಟಕ್ಕೇ ಅವರು ಒಪ್ಪಿದರೆಂದು ನಾನು ತಿಳಿದುಕೊಂಡೆ. ಹೊರಗೆ ಹೋಗಿ ಅವಳ ಕೈ ಹಿಡಿದು ಒಳಗೆ ಕರೆತಂದು ಅಕ್ಕಿ ಹಸನು ಮಾಡಲು ಕೂಡಿಸಿದೆ. ಆ ಬೆಳ್ಳನೆಯ ಕಾಳು ಕಂಡು ಒಬ್ಬರು ಆರಿಸಲು ಕೈ ಹಾಕಿದರು. ಅದು ಪ್ಲಾಸ್ಟಿಕ್ ಅಲ್ಲ, ಶಕ್ತಿ ಬರಲೆಂದು ಕೂಡಿಸಿದ ಅಕ್ಕಿ, ಮಗಳ ಸಾಲಿಯಲ್ಲಿ ಹೇಳಿದ್ದಾರೆ ಎಂದು ಅವಳೇ ತಿಳಿಸಿ ಹೇಳಿದಳು.

ಸೋಮವಾರ ಅವಳು ಖಾನಾವಳಿಗೆ ರಜೆ ಹಾಕಿ ನಸುಕಿನಲ್ಲೇ ಬಂದಳು. ಬುತ್ತಿ ಕಲಸಿ, ಸಾಸಿವೆ, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಹಾಕಿದೆವು. ಎಡೆಯ ತಾಟಿನಲ್ಲಿ ಕಾಕೂ ತಮ್ಮ ಕೈಯಿಂದಲೇ ಎರಡೂ ಅನ್ನ ಇಟ್ಟರು. ಮುಖದಲ್ಲಿ ನಗು ಇರಲಿಲ್ಲ. ಇಟ್ಟರು, ಅಷ್ಟು ಸಾಕು. ಮಂಗಳಾರತಿಯ ಹೊತ್ತಿಗೆ ಪಕ್ಕದ ಮನೆಯವಳು ಮಗಳನ್ನು ಮುಂದೆ ನಿಲ್ಲಿಸಿಕೊಂಡು ಕಣ್ಣು ಮುಚ್ಚಿದ್ದಳು. ಅವಳ ಹರಕೆ ಮುಟ್ಟಿತು.

ಪಂಕ್ತಿಯಲ್ಲಿ ಎಲ್ಲರೂ ಬುತ್ತಿ ಹಾಕಿಸಿಕೊಂಡರು ಎಂದು ಬರೆದರೆ ಸುಳ್ಳಾಗುತ್ತದೆ. ಆರೇಳು ಮಂದಿಗೆ ಅವತ್ತೇ ನೆಗಡಿ ಬಂದಿತ್ತು, ಮೊಸರು ಬ್ಯಾಡ್ರಿ ಎಂದರು. ಅವಳು ಒತ್ತಾಯ ಮಾಡದೆ ಮುಂದಿನವರಿಗೆ ಬಡಿಸಿಕೊಂಡು ಹೋದಳು. ಕಾಕೂ ಕಡೆಯ ಪಂಕ್ತಿಗೆ ಕೂತು ಒಂದು ಸೌಟು ಹಾಕಿಸಿಕೊಂಡು ಉಂಡು, "ಉಪ್ಪು ಕಮ್ಮಿ ಆಗೇತಿ," ಎಂದರು. ಮುಂದಿನ ವರ್ಷ ಸರಿ ಹಾಕುತ್ತೇವೆ ಎಂದು ಅವಳೇ ಉತ್ತರ ಕೊಟ್ಟಳು. ಬೇಡ ಎಂದು ಕಾಕೂ ಅನ್ನಲಿಲ್ಲ.

ಬಳಗದ ಫೋನಿನಲ್ಲಿ ಆ ಮೊದಲಿನ ಮಾತು ಇನ್ನೂ ಹಾಗೇ ಇದೆ, ಯಾರೂ ತೆಗೆದಿಲ್ಲ. ಮುಂದಿನ ಶ್ರಾವಣಕ್ಕೆ ಮತ್ತೆ ಅದೇ ಮಾತು ಬಂದರೂ ಬರಬಹುದು. ಬಂದರೆ ಮತ್ತೆ ಹೋಗುತ್ತೇನೆ. ಈಗ ಹೇಳಲು ಕಿವಿ ಬಿಸಿಯಾಗುವುದಿಲ್ಲ.

ಆ ಸೋಮವಾರ ಸಂಜೆ ಮನೆಗೆ ಬಂದು ಸೆರಗು ಬಿಡಿಸಿ ಕೂತಿದ್ದೆನಷ್ಟೇ, ನೀರು ಬಿಟ್ಟಾರ್ರೀ ಎಂದು ಓಣಿಯಲ್ಲಿ ಕೂಗಿದರು. ಎಂಟು ದಿನವಾಗಿತ್ತು ನಳಕ್ಕೆ ನೀರು ಬಂದು. ಎದ್ದು ಸೆರಗು ಸಿಕ್ಕಿಸಿ, ಹಿತ್ತಲ ಬ್ಯಾರಲ್ ತಿಕ್ಕಿ ತೊಳೆದು ಪೈಪು ಬಿಟ್ಟೆ.