ಕಸಿಗಂಟಿನ ಕೆಳಗಿನ ಚಿಗುರು

ನಮ್ಮೂರು ದಂಡೋತಿಯಲ್ಲಿ ಯಾರಾದರೂ ಮಾಣಿಕಮ್ಮನಿಗೆ ತಲೆ ಕೆಟ್ಟಿತ್ತು ಎಂದರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಅಣವೀರ ಸಾಹುಕಾರನ ತೆಂಗಿನ ತೋಟದಲ್ಲಿ ನಾವಿಬ್ಬರೂ ಎಂಟು ವರ್ಷ ಕೂಲಿ ಮಾಡಿದವರು. ಕಣ್ಣಾರೆ ಕಂಡದ್ದನ್ನೇ ಬರೆಯುತ್ತೇನೆ.

ಹರೆಯದಲ್ಲಿ ಮಾಣಿಕಮ್ಮ ಗಂಡನ ಜೊತೆ ಗೋದಾವರಿ ಸೀಮೆಗೆ ದುಡಿಯಲು ಹೋಗಿದ್ದಳು. ಅಲ್ಲಿ ತೆಂಗಿನ ನೆರಳಿನಲ್ಲಿ ಕೋಕೋ ಬೆಳೆಯುತ್ತಾರೆ, ಚಾಕಲೇಟು ಮಾಡುವ ಕಾಯಿ. ಒಬ್ಬ ತೆಲುಗು ಮುದುಕಿ ಅವಳಿಗೆ ಕಸಿ ಕಟ್ಟುವುದನ್ನು ಕಲಿಸಿದಳು. ಆ ತೋಟದ ಒಂದೇ ಒಂದು ಮರದ ಬೀಜ ಸೀಳಿದರೆ ಒಳಗೆ ಬಿಳಿ, ಕಹಿ ಕಡಿಮೆ, ಒಣಗಿಸಿದರೆ ಹಣ್ಣಿನ ವಾಸನೆ.

ಅಣವೀರ ಇಲ್ಲಿ ಕೋಕೋ ಸಸಿ ನೆಟ್ಟಾಗ ಮಾಣಿಕಮ್ಮ ತಾನೇ ರೈಲು ಹತ್ತಿ ಹೋಗಿ ಕಸಿಗೆಂದು ಆ ಮರದ ಕಡ್ಡಿಗಳನ್ನು ತಂದಳು. ಹಸಿ ಬಟ್ಟೆಯಲ್ಲಿ ಸುತ್ತಿ, ತಾನು ಕುಡಿಯುವ ನೀರನ್ನು ಅವಕ್ಕೆ ಚಿಮುಕಿಸುತ್ತ ಚಿತ್ತಾಪುರದಲ್ಲಿ ಇಳಿದಳು. ಮೂವತ್ತು ಗಿಡಗಳಿಗೆ ಕಸಿ ಕಟ್ಟಿದಳು. ಮರುವರ್ಷ ಗೋದಾವರಿಯ ಆ ತೋಟದವರು ಮೀನಿನ ಹೊಂಡ ತೋಡಲು ಆ ಮರವನ್ನೇ ಕಡಿದರು. ಆ ಜಾತಿ ಉಳಿದದ್ದು ಕಾಗಿಣಾ ಹೊಳೆದಂಡೆಯ ಈ ಮೂವತ್ತು ಗಿಡಗಳಲ್ಲಿ ಮಾತ್ರ.

ಕಡ್ಡಿ ಕೂಡಿಸಿದ ಕಸಿಗಂಟಿನ ಕೆಳಗೆ ಬುಡದ ಹಳೆಯ ಗಿಡ ತನ್ನ ಚಿಗುರು ಬಿಡುತ್ತಲೇ ಇರುತ್ತದೆ. ಮುರಿಯದೆ ಬಿಟ್ಟರೆ ನೀರು ಗೊಬ್ಬರವೆಲ್ಲ ಅದಕ್ಕೇ. ಮೇಲಿನ ಕಸಿ ಒಣಗುತ್ತದೆ. ವಾರಕ್ಕೊಮ್ಮೆ ಮಾಣಿಕಮ್ಮ ಮುರಿಯುತ್ತಿದ್ದಳು. ಹೋದ ವರ್ಷ ಚಾಕಲೇಟು ಮಾಡುವವರು ತೋಟ ನೋಡಲು ಬರುತ್ತಾರೆಂದು ಗೊತ್ತಾದದ್ದೇ ಅಣವೀರ ತಡೆದ.

“ಇಂಥಾ ಬಿಸಲಾಗ ಹಸರು ಮುರೀತಿಯಲ್ಲ, ಕೈಯರ ಹ್ಯಾಂಗ ಬರ್ತದ ನಿನಗ? ಗಿಡ ತುಂಬಿ ಕಾಣ್ಬೇಕು.”

“ಕಾಣತಾವ್ರಿ ಸಾಹುಕಾರ್ರ. ಕೆಳಗ ಹೊರಗಿನವ ಕುಂತು ಉಣ್ಣಾಕತ್ತಾನ, ಮ್ಯಾಲ ಮನಿ ಮಗ ಉಪಾಸ ಬಿದ್ದಾನ.”

“ಭಾಳ ಶಾಣ್ಯಾಕಿ ಆಗಬ್ಯಾಡ.”

ಮಳೆಗಾಲವಿಡೀ ಬೇಡಿಕೊಂಡಳು. ಹತ್ತೊಂಬತ್ತು ಕಸಿ ಸತ್ತವು. ತೋಟ ಮಾತ್ರ ದೂರದಿಂದ ಹಚ್ಚಗೆ ಕಾಣುತ್ತಿತ್ತು, ಸುಳ್ಳು ಹಸಿರು.

ಹೈದರಾಬಾದಿನಿಂದ ರಾಧಿಕಾ ಎಂಬ ಚಾಕಲೇಟಿನ ಹೆಣ್ಣುಮಗಳು ಬಂದಳು. ಅಣವೀರ ಎಲೆ ತೋರಿಸುತ್ತ ಕೊಚ್ಚಿಕೊಳ್ಳುತ್ತಿದ್ದ. ಮಾಣಿಕಮ್ಮ ಸೀದಾ ಅವರ ನಡುವೆ ಹೋಗಿ, ಒಂದು ಗಿಡದ ಕೆಳಗಿನ ಚಿಗುರನ್ನೆಲ್ಲ ಕುಡುಗೋಲಿನಿಂದ ಗಂಟಿನ ತನಕ ಬೋಳಿಸಿದಳು.

“ತೆಲಿ ಕೆಟ್ಟದೇನ ನಿಂದು?” ಎಂದ ಅಣವೀರ.

“ನಂದಲ್ಲರಿ, ಗಿಡದ ತೆಲಿ ಹೋಗ್ಯಾದ. ನೋಡ್ರಿ ಅಕ್ಕೋರ, ಮ್ಯಾಲ ಒಣಗಿ ನಿಂತ ಈ ಕಡ್ಡೀನೇ ನೀವು ನೋಡಾಕ ಬಂದ ಬಿಳಿ ಬೀಜದ ಜಾತಿ.”

ರಾಧಿಕಾ ಒಣಗಿದ ತುದಿ ಮುಟ್ಟಿ ನೋಡಿ, ಕಾರು ಹತ್ತಿ ಹೊರಟುಹೋದಳು.

ಅಣವೀರ ಮಾಣಿಕಮ್ಮನನ್ನು ಹೊರಹಾಕಿದ. ಬದುಕಿದ್ದ ಹನ್ನೊಂದು ಗಿಡದಿಂದ ಒಂದೊಂದು ಕಡ್ಡಿ ಕೇಳಿದಳು, ಕೊಡಲಿಲ್ಲ. ಅವಳು ತಂದದ್ದನ್ನು ಅವಳಿಗೇ ಕೊಡಲಿಲ್ಲ. ಆ ಸಂಜೆ ನಾನೇ ಆ ಕಡ್ಡಿಗಳನ್ನು ಕೊಯ್ದು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಕಳ್ಳಿ ಅನ್ನುವವರು ಅನ್ನಲಿ. ನನ್ನ ಹಿತ್ತಲಿನಲ್ಲಿ ನಾವು ಕೋಕೋ ಬೀಜ ಹಾಕಿ ಬೆಳೆಸಿದ್ದ ಸಸಿಗಳಿಗೆ ಮಾಣಿಕಮ್ಮ ಅವನ್ನು ಕಟ್ಟಿದಳು. ಏಳು ಹಿಡಿದವು.

ಹೋದ ವಾರ ತೋಟದ ಆಳು ದೇವಾನಂದ ಬಂದಿದ್ದ. “ಆ ಹನ್ನೊಂದೂ ಒಣಗಾಕತ್ತಾವ. ಸಾಹುಕಾರ್ರು ಬಾ ಅಂದಾರ, ಮಾಣಿಕಮ್ಮಾ.”

ಅವಳು ಹೊಸ ಸಸಿಗೆ ಕಸಿಯ ಪಟ್ಟಿ ಸುತ್ತುವುದನ್ನು ನಿಲ್ಲಿಸಲಿಲ್ಲ. “ತಾವೇ ಬರ್ಲಿ. ಚಿಗುರು ನಾನೇ ಮುರೀತೀನಿ ಅಂತ ತಮ್ಮ ಬಾಯಿಲೆ ಅನ್ಲಿ. ಆಮ್ಯಾಲ ನೋಡ್ತೀನಿ.”

ನಾನಾಗಿದ್ದರೆ ನೋಡ್ತೀನಿ ಅಂತ ಕೂಡ ಹೇಳುತ್ತಿರಲಿಲ್ಲ.