ಕೊನೆಯ ರೂಮಿನ ತಟ್ಟೆ

ಮೈಕ್ರೋವೇವಿನಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದೆ. ಹಬೆ ಮುಖಕ್ಕೆ ಹೊಡೆಯಿತು. ಅನ್ನಕ್ಕೆ ಕೈ ಹಾಕಿದವನು ಹಾಗೇ ಕೂತುಬಿಟ್ಟೆ. ಪರ್ತ್‌ನ ಕ್ಯಾನಿಂಗ್ ವೇಲ್‌ ಏರಿಯಾದ ಗೋಡೌನಿನಲ್ಲಿ ಈಗ ನನ್ನ ಕೆಲಸ. ಪಕ್ಕದವನು ಏನಾಯಿತು ಅಂದ. ಆಂಟಿ ನೆನಪಾಗಿದ್ದರು...

ಇದಕ್ಕೆ ಮೊದಲು ನಾನು ಪರ್ತ್‌ನಲ್ಲೇ ಒಂದು ನರ್ಸಿಂಗ್ ಹೋಮಿನಲ್ಲಿ ಊಟದ ಗಾಡಿ ತಳ್ಳುತ್ತಿದ್ದೆ. ಆಂಟಿ ಅಲ್ಲಿದ್ದರು. ಮಂಗಳೂರು ಕಡೆಯವರು, ಕುವೈತಿನಲ್ಲಿದ್ದು ಆಮೇಲೆ ಮಗನ ಜೊತೆ ಇಲ್ಲಿಗೆ ಬಂದವರು. ಮಗ ಕೆಲಸ ಅಂತ ಬ್ರಿಸ್ಬೇನ್‌ಗೆ ಹೋದ. ಆ ಹೋಮಿನಲ್ಲಿ ಕನ್ನಡ ಬರುತ್ತಿದ್ದದ್ದು ಆಂಟಿಗೂ ನನಗೂ ಮಾತ್ರ.

ಅವರದು ಕೊನೆಯ ರೂಮು. ಅಡುಗೆಮನೆಯವರು ಊಟಕ್ಕೆ ಥರ್ಮಾಮೀಟರ್ ಚುಚ್ಚಿ ಬಿಸಿ ಸರಿಯಿದೆ ಅನ್ನುತ್ತಿದ್ದರು. ಅಲ್ಲಿ ಸರಿಯೇ ಇರುತ್ತಿತ್ತು. ಎಲ್ಲರಿಗೂ ಕೊಟ್ಟು ಅವರ ಬಾಗಿಲಿಗೆ ಬರುವಷ್ಟರಲ್ಲಿ ಗ್ರೇವಿ ಮೇಲೆ ಕೆನೆ ಕಟ್ಟಿರುತ್ತಿತ್ತು. ಗಾಡಿ ಏರಿದ್ದನ್ನು ಮತ್ತೆ ಬಿಸಿ ಮಾಡುವಂತಿಲ್ಲ, ಅದು ರೂಲು.

ಆಂಟಿ ಶಿಲುಬೆ ಗುರುತು ಹಾಕಿಕೊಂಡು, ಅನ್ನವೋ ಆಲೂಗೆಡ್ಡೆಯೋ, ಬೆರಳ ತುದಿ ಇಳಿಸಿ ತಕ್ಷಣ ತೆಗೆಯುತ್ತಿದ್ದರು.

"ಸತ್ತವರ ಕೈ ಮುಟ್ಟಿದ ಹಾಗೆ ಉಂಟು ಮಾರಾಯ. ತಕೊಂಡು ಹೋಗು."

ಹೆಡ್ ನರ್ಸ್ ಇದನ್ನು ನೋಡಿ, ಇವರಿಗೆ ಸ್ಪೂನು ಹಿಡಿಯುವುದೇ ಮರೆತಿದೆ, ಊಟದಲ್ಲಿ ಆಟ ಆಡುತ್ತಾರೆ ಅಂತ ಎಲ್ಲ ರುಬ್ಬಿ ಕೊಡಿಸಿದಳು. ನಾವು ಕೈಯಲ್ಲಿ ಉಣ್ಣುವವರು, ಬಿಸಿ ಮೊದಲು ಬೆರಳಿಗೇ ಗೊತ್ತಾಗುವುದು ಅಂತ ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ತಲೆಯಾಡಿಸಿದಳು. ರುಬ್ಬಿದ್ದೂ ತಣ್ಣಗೇ ಬಂತು. ಆಂಟಿಯ ಬಳೆ ಮೊಣಕೈವರೆಗೆ ಜಾರತೊಡಗಿತು.

ತಡೆಯಲಾಗದೆ ಒಂದು ದಿನ ಫ್ಲಾಸ್ಕಿನಲ್ಲಿ ಕುಚ್ಚಲಕ್ಕಿ ಗಂಜಿ ತಂದು ಬಟ್ಟಲಿಗೆ ಬಗ್ಗಿಸಿದೆ. ಆಂಟಿ ಬೆರಳು ಅದ್ದಿ, ಕೊಡವಿ, ಊದಿಕೊಂಡು ನಕ್ಕರು.

"ಬೆರಳು ಸುಟ್ಟಿತು ಮಾರಾಯ. ಒಳ್ಳೆ ಬಿಸಿ ಉಂಟು."

ಬಟ್ಟಲು ಖಾಲಿ ಮಾಡಿದರು. ಅವರು ಹೊಟ್ಟೆತುಂಬ ಉಂಡದ್ದು ನಾನು ನೋಡಿದ್ದು ಅದೊಂದೇ ಸಲ.

ಮಧ್ಯಾಹ್ನ ನರ್ಸಿಗೆ ಆ ಕೆಂಪು ಬೆರಳು ಕಂಡಿತು. ಫ್ಲಾಸ್ಕ್ ಬಂದ್. ಇವರು ಸುಟ್ಟುಕೊಳ್ಳುತ್ತಾರೆ, ಇನ್ನು ಮೇಲೆ ಊಟದ ಬಿಸಿ ಆರಿಸಿಯೇ ಕೊಡಬೇಕು ಅಂತ ಆರ್ಡರು ಬಂತು. ತಣ್ಣಗಿದೆ ಅಂತ ಉಣ್ಣದವರಿಗೆ ಇನ್ನೂ ತಣ್ಣಗೆ. ಭಾನುವಾರ ಮಗನ ಫೋನ್ ಬಂದಾಗ ನಾನೇ ಇಸಕೊಂಡು ಹೇಳಿದೆ. ನರ್ಸುಗಳಿಗೆ ಎಲ್ಲ ಗೊತ್ತಿರುತ್ತೆ, ನೀವು ತಲೆ ಹಾಕಬೇಡಿ ಅಂದ.

ಆಂಟಿ ಬೆರಳು ಇಳಿಸುವುದನ್ನೂ ಬಿಟ್ಟರು. ತಟ್ಟೆ ಇಟ್ಟರೆ ಗೋಡೆಗೆ ತಿರುಗುತ್ತಿದ್ದರು. ಚಳಿ ಮುಗಿಯುವ ಮೊದಲೇ ಆಂಟಿ ಹೋಗಿಬಿಟ್ಟರು, ರೂಮು ಖಾಲಿಯಾಯಿತು. ಅವತ್ತೂ ಗಾಡಿಯಲ್ಲಿ ಅವರ ತಟ್ಟೆ ಬಂದಿತ್ತು, ಆರಿಸಿದ್ದು...

ಡಬ್ಬಿಯಲ್ಲಿದ್ದ ಅನ್ನವೂ ಅಷ್ಟರಲ್ಲಿ ಆರಿತ್ತು. ಎಸೆದೆ. ಹೇಳುವುದು ಇಷ್ಟೇ. ಇನ್ನೇನೂ ಇಲ್ಲ.