ಮುಂದಿನ ಸ್ಟಾಪಲ್ಲಿ ಸೀಟು

ನನಗೆ ಯಾರ ದನಿ ಬೇಕಾದರೂ ಬರುತ್ತದೆ. ಶಿವಮೊಗ್ಗದ ದುರ್ಗಿಗುಡಿಯ ನಮ್ಮ ಬೀದಿಯಲ್ಲಿ ಸೊಪ್ಪು ಮಾರುವವಳದು, ಮೂಗಿನಲ್ಲೇ ಮಂತ್ರ ಮುಗಿಸುವ ಎದುರುಮನೆಯ ಯಜಮಾನರದು, ನೆಗಡಿಯಾದ ಮಿಕ್ಸಿಯದು. ಬರದೇ ಇರುವುದು ನನ್ನದೊಂದೇ. ಗಂಭೀರವಾಗಿ ಏನಾದರೂ ಹೇಳಲು ಹೊರಟರೆ ಅಪ್ಪನ ದನಿ ಬರುತ್ತದೆ, ಸಿಟ್ಟು ಬಂದರೆ ಅತ್ತೆಯದು. ಒಮ್ಮೆ ಹುಡುಗಿಯೊಬ್ಬಳಿಗೆ ನೀನೆಂದರೆ ಇಷ್ಟ ಎನ್ನಲು ಹೋಗಿ, ಗಾಬರಿಯಲ್ಲಿ ಬಸ್ ಸ್ಟ್ಯಾಂಡಿನ ಅನೌನ್ಸ್‌ಮೆಂಟಿನ ದನಿ ಬಂದುಬಿಟ್ಟಿತು. ಅವಳು ಸರಿಯಾಗಿಯೇ ಕೇಳಿಸಿಕೊಂಡು ಬೇರೆ ಪ್ಲಾಟ್‌ಫಾರ್ಮಿಗೆ ಹೋದಳು.

ನನ್ನ ದನಿಗಳಲ್ಲಿ ಅತಿ ಹೆಚ್ಚು ಬೇಡಿಕೆ ಇದ್ದದ್ದು ಕಂಡಕ್ಟರನಿಗೆ. ಸಂಜೆಯ ಧಾರಾವಾಹಿಯೊಂದರಲ್ಲಿ ಬರುತ್ತಿದ್ದವನು ಅವನು. ನಾಯಕನಲ್ಲ, ಖಳನಲ್ಲ, ಬಸ್ಸಿನಲ್ಲಿ ಟಿಕೆಟ್ ಹರಿಯುವವನು. ಕಥೆಯಲ್ಲಿ ಯಾರ ಮದುವೆ ಮುರಿಯಲಿ, ಯಾರ ಮನೆ ಬೀಳಲಿ, ಅವರು ಅತ್ತುಕೊಂಡು ಅವನ ಬಸ್ಸನ್ನೇ ಹತ್ತುತ್ತಿದ್ದರು. ಅವನು ಟಿಕೆಟ್ ಕೈಗಿಟ್ಟು, "ಸ್ವಲ್ಪ ನಿಂತ್ಕೊಳ್ಳಿ ಸ್ವಾಮಿ, ಮುಂದಿನ ಸ್ಟಾಪಲ್ಲಿ ಸೀಟು ಸಿಗುತ್ತೆ" ಎನ್ನುತ್ತಿದ್ದ. ಆ ಧಾರಾವಾಹಿಯಲ್ಲಿ ಯಾರಿಗೂ ಯಾವ ಸ್ಟಾಪಿನಲ್ಲೂ ಸೀಟು ಸಿಕ್ಕಿದ್ದನ್ನು ನಾನು ಕಂಡಿಲ್ಲ. ಆದರೂ ಊರಿಗೆ ಊರೇ ಅವನಿಗಾಗಿ ಕಾಯುತ್ತಿತ್ತು.

ಇಂಥ ಮನುಷ್ಯ ನಿಜವಾದ ಬಸ್ಸಿನಲ್ಲಿ ಸಿಕ್ಕಿದ್ದರೆ ಶಿವಮೊಗ್ಗ ಬಿಟ್ಟು ಭದ್ರಾವತಿ ಮುಟ್ಟುವುದರೊಳಗೆ ಎರಡೇಟು ತಿಂದಿರುತ್ತಿದ್ದ. ಟೀವಿಯೊಳಗಿದ್ದರೆ ಮಾತ್ರ ತಟ್ಟೆಯ ಅನ್ನ ಆರಿದರೂ ಅವನ ಬಾಯನ್ನೇ ನೋಡುತ್ತಾ ಕೂರುತ್ತೇವೆ. ಯಾಕೆಂದು ನಾನು ಬಹಳ ಯೋಚಿಸಿದ್ದೇನೆ. ನಮ್ಮ ಮನೆಯವರು ಯಾರಾದರೂ ಎಲ್ಲ ಸರಿಹೋಗುತ್ತೆ ಎಂದರೆ, ಇವರಿಗೇನು ಗೊತ್ತು ಎಂದು ರೇಗುತ್ತದೆ. ಅವನಿಗೆ ನಮ್ಮ ವಿಷಯ ಏನೂ ಗೊತ್ತಿಲ್ಲವೆಂಬುದು ಮೊದಲೇ ಗೊತ್ತಿರುವುದರಿಂದ ನಂಬಲು ಅಡ್ಡಿಯಿಲ್ಲ.

ಅವನ ಪರಮಭಕ್ತೆ ನಮ್ಮಜ್ಜಿ, ಅಪ್ಪನ ತಾಯಿ. ಭದ್ರಾವತಿಯಲ್ಲಿ ಅಪ್ಪನ ತಂಗಿಯಾದ ಅತ್ತೆಯ ಜೊತೆ ಕಾರ್ಖಾನೆಯ ಹಳೆಯ ಕ್ವಾರ್ಟರ್ಸಿನಲ್ಲಿದ್ದರು. ಎಡಗಣ್ಣು ಹೋಗಿ ಬಹಳ ಕಾಲವಾಗಿತ್ತು. ಬಲಗಣ್ಣಿನಲ್ಲಿ ಕಿಟಕಿ ಎಲ್ಲಿದೆ, ಟೀವಿ ಎಲ್ಲಿದೆ ಎನ್ನುವಷ್ಟು ಬೆಳಕಿತ್ತು. ನರ ಒಣಗುತ್ತಿದೆ, ಡ್ರಾಪ್ಸ್ ಹಾಕಿ ನೋಡೋಣ ಎಂದಿದ್ದರು ಡಾಕ್ಟರು. ಅಜ್ಜಿ ಟೀವಿಗೆ ಮುಖ ಕೊಡುವುದನ್ನು ಬಿಟ್ಟು ಕಿವಿ ಕೊಟ್ಟು ಕೂರುತ್ತಿದ್ದರು. ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿದಾಗಲೆಲ್ಲ, "ಮುಂದಿನ ಸ್ಟಾಪಲ್ಲಿ ಸೀಟು" ಎಂದು ತಾವೇ ಹೇಳಿಕೊಳ್ಳುತ್ತಿದ್ದರಂತೆ. ನಾನು ಭಾನುವಾರ ಹೋದರೆ ಬಾಗಿಲಲ್ಲೇ ಆ ದನಿ ತೆಗೆಯಬೇಕು. "ಬಂದ ನೋಡು ನಮ್ಮ ಕಂಡಕ್ಟರು. ಮೊಮ್ಮಗ ಎಲ್ಲೋ?" ಎಂದು ಕೇಳುವರು. "ಅವನು ಟಿಕೆಟ್ ತಗೊಳ್ದೆ ಇಳಿದುಹೋದ ಅಮ್ಮಾ" ಎನ್ನುವೆನು.

ಕಂಡಕ್ಟರ್ ಹುಟ್ಟುವ ಮೊದಲೇ ಆ ಮನೆಯಲ್ಲಿ ಅವನ ಭಾಷೆ ಚಾಲ್ತಿಯಲ್ಲಿತ್ತು. ಬಳೆ ಒಡೆಯಿತು ಎನ್ನುವಂತಿಲ್ಲ, ಬಳೆ ಹೆಚ್ಚಾಯ್ತು ಎನ್ನಬೇಕು. ಅಕ್ಕಿ ಮುಗಿಯಿತು ಎಂದರೆ ಅಪಶಕುನ, ಅಕ್ಕಿ ಹೆಚ್ಚಾಯ್ತು ಎನ್ನಬೇಕು. ದೀಪ ಆರಿಸು ಎನ್ನಬಾರದು, ದೊಡ್ಡದು ಮಾಡು ಎನ್ನಬೇಕು. ಹೊರಡುವಾಗ ಹೋಗ್ತೀನಿ ಎಂದವನಿಗೆ ವಾಪಸ್ ಕೂರಿಸಿ ಬೈಗುಳ. ಕೆಟ್ಟದ್ದನ್ನು ಬಾಯಲ್ಲಿ ಆಡಿದರೆ ಅದಕ್ಕೆ ಮನೆಯ ವಿಳಾಸ ಕೊಟ್ಟಂತೆ ಎಂಬುದು ಅಜ್ಜಿಯ ಸಿದ್ಧಾಂತ. ನಾನು ಹೈಸ್ಕೂಲಿನಲ್ಲಿ ಫೇಲಾದಾಗ, "ಅಜ್ಜಿ, ಗಣಿತ ಹೆಚ್ಚಾಯ್ತು" ಎಂದಿದ್ದೆ. ಅವರಿಗೆ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಗಣಿತದ ಮೇಷ್ಟರಾಗಿದ್ದ ಅಪ್ಪನಿಗೆ ಅರ್ಥವಾಗಲು ಮಾರ್ಕ್ಸ್ ಕಾರ್ಡೇ ಬರಬೇಕಾಯಿತು.

ಅಪ್ಪನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಬಿಸಿಲಿನಲ್ಲೂ ಕೊಡೆ ಒಯ್ಯುವ, ಹಬ್ಬದ ಅಡುಗೆ ಉಣ್ಣುವಾಗಲೇ ಹೊಟ್ಟೆನೋವಿನ ಮಾತ್ರೆ ಎಲ್ಲಿದೆ ಎಂದು ಕೇಳುವ ಮನುಷ್ಯ. ಕಂಡಕ್ಟರ್ ಟೀವಿಯಲ್ಲಿ ಬಂದರೆ, "ಇವನಿಂದ್ಲೇ ಜನ ಕೆಡೋದು" ಎಂದು ಎದ್ದು ಹೋಗುತ್ತಿದ್ದರು. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಮಾತು ಮುಗಿಯುವವರೆಗೆ ಕೇಳುತ್ತಿದ್ದರು.

ಅಜ್ಜಿಯ ಕಣ್ಣಿನ ಕೊನೆಯ ಪರೀಕ್ಷೆಯ ದಿನ ಅತ್ತೆ ಫೋನ್ ಮಾಡಿದರು. ಫೋನ್ ಎತ್ತಿದ್ದು ಅಪ್ಪ. ಅತ್ತೆಯ ದನಿ ನನಗೂ ಕೇಳಿಸುತ್ತಿತ್ತು.

"ಅಣ್ಣಾ, ಡಾಕ್ಟ್ರು ನೋಡಿದ್ರು. ಅಮ್ಮನ ಬಲಗಣ್ಣು ಹೆಚ್ಚಾಯ್ತಂತೆ."

"ಹೆಚ್ಚಾಯ್ತಾ?"

"ಹೂಂ ಕಣಣ್ಣ. ಹೆಚ್ಚಾಯ್ತು ಅಂದ್ರು. ನೀವು ಬನ್ನಿ." ಅತ್ತೆ ಮೂಗು ಸೇದಿದರು. ಫೋನ್ ಇಟ್ಟರು.

ಅಪ್ಪ ಅದೇ ಮನೆಯಲ್ಲಿ ಬೆಳೆದವರು. ಆ ಮಾತಿನ ಅರ್ಥ ಅವರಿಗೆ ಗೊತ್ತಿರಬೇಕಿತ್ತು. ನನಗಂತೂ ಖಂಡಿತ ಗೊತ್ತಿರಬೇಕಿತ್ತು, ಗಣಿತ ಹೆಚ್ಚಿಸಿಕೊಂಡವನು ನಾನು. ಆದರೆ ಅಪ್ಪ ನನ್ನತ್ತ ತಿರುಗಿ, "ದೃಷ್ಟಿ ಹೆಚ್ಚಾಯ್ತಂತೆ ಕಣೋ! ನರ ಚಿಗುರಿರ್ಬೇಕು" ಎಂದಾಗ ಆ ಮುಖದಲ್ಲಿ ನಾನು ಹಿಂದೆಂದೂ ನೋಡದ ಹಲ್ಲುಗಳು ಕಂಡವು. ಜೀವಮಾನದಲ್ಲಿ ಒಂದೇ ಒಂದು ಸಲ ನಮ್ಮಪ್ಪ ಆಶಾವಾದಿಯಾದರು. ನಾನು ಅವರನ್ನು ತಡೆಯಲಿಲ್ಲ. ನನಗೂ ಹಾಗೇ ಕೇಳಿಸಿತ್ತು.

ಮೈಸೂರು ಪಾಕ್ ಕಟ್ಟಿಸಿಕೊಂಡು ಬಸ್ ಹತ್ತಿದೆವು. ಅಂದು ಅಪ್ಪ ಕೊಡೆ ಮರೆತಿದ್ದರು. ಸೀಟಿರಲಿಲ್ಲ. ಕಂಬಿ ಹಿಡಿದು ನೇತಾಡುತ್ತಾ ಅವರು ನನ್ನ ಕಿವಿಯ ಹತ್ತಿರ ಬಗ್ಗಿ, ಬಹಳ ನಾಚಿಕೊಂಡು, "ಮುಂದಿನ ಸ್ಟಾಪಲ್ಲಿ ಸಿಗುತ್ತೆ ಬಿಡೋ" ಎಂದರು. ಮಿಮಿಕ್ರಿ ಕೆಟ್ಟದಾಗಿತ್ತು. ಹಾಗಂತ ಹೇಳಿಯೂ ಹೇಳಿದೆ.

ಅತ್ತೆ ಬಾಗಿಲು ತೆರೆದವರು ಸ್ವೀಟಿನ ಡಬ್ಬಿ ನೋಡಿ ನಮ್ಮಿಬ್ಬರನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಏನಣ್ಣ ಇದು?"

"ಕಣ್ಣು ಹೆಚ್ಚಾಯ್ತು ಅಂದ್ಯಲ್ಲೇ."

ಅತ್ತೆ ಅಪ್ಪನನ್ನೇ ನೋಡಿದರು. "ಹೋಯ್ತು ಅಂತ ನನ್ನ ಬಾಯಲ್ಲಿ ಹೆಂಗೆ ಹೇಳ್ಲಿ ಅಣ್ಣ? ಅಮ್ಮ ಕಲಿಸಿದ ಮಾತೇ ಬಾಯಿಗೆ ಬಂತು."

ಅಪ್ಪ ಡಬ್ಬಿಯನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟರು. ಮತ್ತೆ ತೆಗೆದು ಕೈಯಲ್ಲೇ ಹಿಡಿದುಕೊಂಡರು. ಅಜ್ಜಿಗೆ ಇನ್ನೂ ಯಾರೂ ಹೇಳಿರಲಿಲ್ಲ. ಡಾಕ್ಟರು ಅತ್ತೆಯನ್ನು ಹೊರಗೆ ಕರೆದು ಹೇಳಿದ್ದರು. ಈಗ ಇರುವ ಬೆಳಕೂ ನಿಲ್ಲುವುದಿಲ್ಲ, ಡ್ರಾಪ್ಸ್ ಬಿಟ್ಟುಬಿಡಬಹುದು ಎಂದು. ಇವತ್ತಿನ ಡ್ರಾಪ್ಸಿನ ಹೊತ್ತಾಗಿತ್ತು. ಅಜ್ಜಿ ಒಳಗಿಂದ, "ಎಲ್ಲಿ, ಹಾಕಲ್ವೇನೇ?" ಎಂದು ಕೂಗಿದರು.

"ನೀನೇ ಹೇಳೋ" ಎಂದು ಅತ್ತೆ ನನ್ನ ತೋಳು ಹಿಡಿದರು. "ನಿನ್ನ ಮಾತಿಗೆ ನಗ್ತಾರೆ. ಆ ಕಂಡಕ್ಟರ್ ದನೀಲಿ ಹೇಳು ಮಾರಾಯ, ನಮ್ ಕೈಲಿ ಆಗಲ್ಲ."

ಹೋದೆ. ಅಜ್ಜಿ ಡ್ರಾಪ್ಸಿಗಾಗಿ ತಲೆ ಹಿಂದಕ್ಕೆ ವಾಲಿಸಿ ಕೂತಿದ್ದರು.

"ಟಿಕೆಟ್, ಟಿಕೆಟ್" ಎಂದೆ.

"ಓ, ಬಂದ್ರಾ? ಸರಿ, ನೀವೇ ಹೇಳಿ ಕಂಡಕ್ಟ್ರೇ. ಇವಳು ಮಧ್ಯಾಹ್ನದಿಂದ ಮಾತೇ ಆಡ್ತಿಲ್ಲ. ನನ್ನ ಸ್ಟಾಪು ಯಾವಾಗ?"

ಆ ದನಿಯಲ್ಲಿ ಉತ್ತರ ಒಂದೇ ಇತ್ತು. ಬಾಯಿ ತೆರೆದರೆ ಅದೇ ಬರುತ್ತಿತ್ತು, ಹಾಗಾಗಿ ತೆರೆಯಲಿಲ್ಲ. ಬೇರೆ ದನಿ ಹುಡುಕಿದೆ. ಅಪ್ಪನದು ಬೇಡ, ಅತ್ತೆಯದು ಬೇಡ. ಕೊನೆಗೆ ಏನೋ ಒಂದು ಬಂತು, ತೆಳ್ಳಗೆ, ಹಲ್ಲಿ ಲೊಚಗುಟ್ಟಿದ ಹಾಗೆ.

"ಡ್ರಾಪ್ಸ್ ಬೇಡ್ವಂತೆ ಅಜ್ಜಿ."

ಅಜ್ಜಿ ತಲೆ ನೆಟ್ಟಗೆ ಮಾಡಿದರು. "ಇದ್ಯಾರ ದನಿಯೋ?"

"ನಂದೇ ಅಜ್ಜಿ."

ಅವರು ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಂಡರು. ಅಲ್ಲಿ ಒರೆಸಲು ಏನೂ ಇರಲಿಲ್ಲ.

"ಹೆಚ್ಚಾಯ್ತಾ?" ಎಂದರು.

"ಹೂಂ. ಹೆಚ್ಚಾಯ್ತು."

ಅಪ್ಪ ಬಾಗಿಲಲ್ಲಿ ಡಬ್ಬಿ ಹಿಡಿದು ನಿಂತೇ ಇದ್ದರು. ಅಜ್ಜಿಗೆ ತುಪ್ಪದ ವಾಸನೆ ಬಂದಿತ್ತು. ಕೈ ಚಾಚಿದರು. ಅಪ್ಪ ಒಂದು ತುಂಡು ಇಟ್ಟರು. ಯಾಕೆ ತಂದಿರಿ ಎಂದು ಅಜ್ಜಿ ಕೇಳಲಿಲ್ಲ, ತಿಂದರು. ಹೊತ್ತಾಯಿತೆಂದು ಟೀವಿ ಹಾಕಿಸಿದರು. ಕಂಡಕ್ಟರ್ ಬಂದಾಗ ನನ್ನ ಮೊಣಕಾಲು ತಟ್ಟಿ, "ಆ ಮಾತು ಹೇಳೋವಾಗ ಅವನ ಮುಖ ಹೆಂಗಿರುತ್ತೋ? ನಾನು ಸರಿಯಾಗಿ ನೋಡೇ ಇಲ್ಲ" ಎಂದರು.

ನಾನೂ ಮುಖ ನೋಡಿರಲಿಲ್ಲ, ಬಾಯಿ ನೋಡಿ ದನಿಯನ್ನಷ್ಟೇ ಕದ್ದವನು. ನೋಡಿದೆ.

"ಯಾರ ಮುಖಾನೂ ನೋಡಲ್ಲ ಅಜ್ಜಿ. ಟಿಕೆಟ್ ಹರೀತಾ ಹೇಳ್ತಾನೆ."

"ಮತ್ತೆ? ಮುಖ ನೋಡ್ಕೊಂಡು ಹೇಳಕ್ಕಾಗೋ ಮಾತಾ ಅದು?" ಎಂದು ಇನ್ನೊಂದು ತುಂಡಿಗೆ ಕೈ ಚಾಚಿದರು. ಸಕ್ಕರೆ ಕಾಯಿಲೆ ಇದೆ ಎಂದು ನೆನಪಿಸುವ ಧೈರ್ಯ ಅತ್ತೆಗೂ ಬರಲಿಲ್ಲ.

ಹೊರಡುವಾಗ ನಾವಿಬ್ಬರೂ "ಬರ್ತೀವಿ" ಎಂದೆವು. ಅಜ್ಜಿ ನಮ್ಮ ದನಿ ಬಂದ ಕಡೆ ಮುಖ ಮಾಡಿ, "ಹೂಂ, ಭಾನುವಾರ ಬನ್ನಿ, ನೋಡೋಣ" ಎಂದರು. ಅಭ್ಯಾಸದ ಮಾತು, ಎಲ್ಲರೂ ಆಡುವ ಮಾತು. ಬೇರೆ ದಿನವಾಗಿದ್ದರೆ ನಾನದನ್ನು ಹಿಡಿದು ನಾಲ್ಕು ಜೋಕು ಹೊಡೆಯುತ್ತಿದ್ದೆ. ಅಂದು ಚಪ್ಪಲಿ ಹುಡುಕಿದೆ.

ವಾಪಸ್ ಬಸ್ಸಿನಲ್ಲೂ ನಿಂತೇ ಬಂದೆವು. ಉಳಿದ ಸ್ವೀಟನ್ನು ಅತ್ತೆಯ ತಟ್ಟೆಗೆ ಸುರಿದು ಬಂದಿದ್ದ ಅಪ್ಪ ಖಾಲಿ ಡಬ್ಬಿಯನ್ನು ಎದೆಗೊತ್ತಿ ಹಿಡಿದಿದ್ದರು, ಬಿಸಾಡಲು ತೋಚಿರಲಿಲ್ಲ. ಮಲವಗೊಪ್ಪದಲ್ಲಿ ನಮ್ಮ ಮುಂದೆಯೇ ಒಬ್ಬರು ಎದ್ದು ಇಳಿದರು. ಸೀಟು ಖಾಲಿಯಾಯಿತು. ಅಪ್ಪ ನನ್ನ ಮುಖ ನೋಡಿದರು, ನಾನು ಅವರದನ್ನು. ಇಬ್ಬರೂ ಕೂರಲಿಲ್ಲ. ಹಿಂದಿನಿಂದ ಯಾರೋ ನುಗ್ಗಿ ಬಂದು ಕೂತರು.